ಕಪ್ಪು ಕೋಟಿನ ಮೇಲೆ ನಡೆದ ಬಿಳಿ ಚುಕ್ಕೆ

ನನ್ನ ಅತ್ತೆ, ಎಂದರೆ ಅಪ್ಪನ ತಂಗಿ, ಹೊಸ ಬಟ್ಟೆ ಹೊಲಿಯುವುದಿಲ್ಲ. ಹಳೆಯದನ್ನು ಸರಿಮಾಡುತ್ತಾಳೆ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಕೋಟು ಸಡಿಲಿಸುವುದು, ತೂತುಬಿದ್ದ ಜೇಬಿಗೆ ಹೊಸ ಚೀಲ ಕೂರಿಸುವುದು, ಹಲ್ಲು ಕಿತ್ತುಹೋದ ಜಿಪ್ಪು ಬದಲಿಸುವುದು.

"ಹೊಸದು ಯಾರು ಬೇಕಾದ್ರೂ ಹೊಲೀತಾರೆ. ಇನ್ನೊಬ್ಬರು ಹೊಲಿದದ್ದನ್ನ ಬಿಚ್ಚಿ, ಎಲ್ಲಿ ಕಳ್ಳಾಟ ಆಡಿದಾರೆ ಅಂತ ಹುಡುಕೋದಿದೆಯಲ್ಲ, ಅದರ ಮಜಾನೇ ಬೇರೆ," ಎನ್ನುತ್ತಾಳೆ.

ಯಾವ ಬಟ್ಟೆ ಬಂದರೂ ಅವಳು ಮೊದಲು ಅದರ ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾಳೆ. ಗಿರಾಕಿ ಏನು ಹೇಳಿದರೂ ಆಗ ಅವಳ ಕಿವಿಗೆ ಬೀಳುವುದಿಲ್ಲ. ತೊಂದರೆ ಹೊರಗೆ ಕಾಣುವ ಕಡೆ ಇರುವುದಿಲ್ಲ ಎಂಬುದು ಅವಳ ನಂಬಿಕೆ. ತೋಳು ಎಳೆಯುತ್ತದೆ ಎಂದು ಬಂದವರ ಕೋಟಿನಲ್ಲಿ ತಪ್ಪು ಬೆನ್ನಿನಲ್ಲಿರುತ್ತದೆ.

ಅಂಗಡಿ ಒಂದೇ ಕೋಣೆಯದು. ಬೀದಿಯ ಕಡೆಗೆ ಅಗಲವಾದ ಕಿಟಕಿ. ಗೋಡೆಗೆ ಒರಗಿದ ಹೊಲಿಗೆ ಮಿಷನ್ನು, ನಡುವೆ ಇಸ್ತ್ರಿ ಮೇಜು, ಕಿಟಕಿಯ ಬಳಿ ಕೈಕೆಲಸದ ಕುರ್ಚಿ. ಬಿಸಿಲು ಒಳಗೆ ಬಂದಾಗ ಗಾಳಿಯಲ್ಲಿ ನೂಲಿನ ಧೂಳು ಕಾಣುತ್ತದೆ. ಬಟ್ಟೆ ಕತ್ತರಿಸಿದಾಗ, ಹೊಲಿಗೆ ಬಿಚ್ಚಿದಾಗ ಏಳುವ ಸಣ್ಣ ಬಿಳಿ ಎಳೆಗಳು. ಅವಸರವಿಲ್ಲದೆ ಇಳಿದು ಎಲ್ಲದರ ಮೇಲೂ ಕೂರುತ್ತವೆ: ರೇಡಿಯೋದ ಮೇಲೆ, ಟೀ ಲೋಟದ ಅಂಚಿನ ಮೇಲೆ, ಅತ್ತೆಯ ಹುಬ್ಬಿನ ಮೇಲೆ. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರು ಬಾಗಿಲಾಚೆಯೇ ನಿಂತು ಮಾತಾಡಿಸುತ್ತಾರೆ.

"ಒಳಗೆ ಬಂದ್ರೆ ಇದ್ದಬದ್ದ ಕೂದಲೂ ಬೆಳ್ಳಗಾಗುತ್ತೆ, ಟೈಲರಮ್ಮ."

"ಇದ್ರೆ ತಾನೇ ಬೆಳ್ಳಗಾಗೋದು," ಎಂದು ಅತ್ತೆ ತಲೆ ಎತ್ತದೆ ಉತ್ತರಿಸುತ್ತಾಳೆ.

ಕಿಟಕಿಯ ಕುರ್ಚಿ ಕಾಜಾ ಅಕ್ಕನದು. ಗುಂಡಿ ತೂರುವ ಸೀಳಿಗೆ ಕೈಯಿಂದ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಹೆಮ್ಮಿಂಗ್ ಮಾಡುವುದು ಅವಳ ಕೆಲಸ. ನಮಗೆ ನೆಂಟಳಲ್ಲ. ಆದರೂ ಅತ್ತೆಗೆ ಅಕ್ಕ, ನನಗೆ ಅಕ್ಕ, ಬೀದಿಗೆಲ್ಲ ಅಕ್ಕ. ನಾನು ನಡೆಯಲು ಕಲಿಯುವ ಮೊದಲಿಂದ ಇಬ್ಬರೂ ಆ ಕೋಣೆಯಲ್ಲಿ ಎದುರುಬದುರು ಕೂತು ದುಡಿದವರು. ದಿನಕ್ಕೊಮ್ಮೆಯಾದರೂ ಜಗಳ. ಯಾವುದೂ ಮರುದಿನಕ್ಕೆ ಉಳಿದದ್ದಿಲ್ಲ.

ಆ ಕಿಟಕಿಯ ಹಲಗೆಯ ಮೇಲೆ ಅಕ್ಕ ಮೂರು ಕುಂಡ ಇಟ್ಟಿದ್ದಳು. ಮೂರೂ ಸಕ್ಯುಲೆಂಟ್ ಜಾತಿಯವು, ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು. ಮೂರಕ್ಕೂ ಅವಳೇ ಹೆಸರಿಟ್ಟಿದ್ದಳು. ಮಣಿಸರದಂತೆ ಕೆಳಗೆ ಇಳಿಬಿದ್ದದ್ದು ಗುಂಡಿ. ಗಟ್ಟಿ ಕಾಂಡದ ಜೇಡ್ ಗಿಡ ಅಜ್ಜ. ತಿಳಿ ನೀಲಿ ಎಲೆಗಳನ್ನು ಸುತ್ತಲೂ ಒತ್ತೊತ್ತಾಗಿ ಜೋಡಿಸಿ ಹೂವಿನಂತೆ ಕೂತದ್ದು ಫ್ರಿಲ್. ಅಕ್ಕನಿಗೆ ಫ್ರಿಲ್ ಮೇಲೆ ಪ್ರಾಣ. ಅದರ ಎಲೆಯ ಮೇಲಿನ ಬೂದಿಯಂಥ ನಯವಾದ ಪುಡಿಗೆ ಬೆರಳು ತಾಗಿಸಿದರೆ ಗುರುತು ಅಲ್ಲೇ ಉಳಿಯುತ್ತದೆಂದು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

ಆಮೇಲೆ ಅಕ್ಕನ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಅಂಗಡಿ ತೆರೆದ ಕೂಡಲೇ ಅತ್ತೆ ಒಂದು ಸಾಲು ಸೂಜಿಗಳಿಗೆ ದಾರ ಪೋಣಿಸಿ ಅಕ್ಕನ ಸೂಜಿದಿಂಬಿಗೆ ಚುಚ್ಚಿಡುವುದು ಶುರುವಾಯಿತು. ಅಕ್ಕ ಬಂದು ಕೂತು, ಸೂಜಿಗಳು ಹುಟ್ಟುವಾಗಲೇ ದಾರದ ಜೊತೆ ಹುಟ್ಟಿದವೇನೋ ಎಂಬಂತೆ ಕೆಲಸಕ್ಕೆ ಇಳಿಯುತ್ತಿದ್ದಳು.

ಕಣ್ಣಿನ ಆಪರೇಷನ್‌ಗೆಂದು ಅವಳ ಮಗಳು ತನ್ನೂರಿಗೆ ಕರೆದುಕೊಂಡು ಹೋದಳು. ಹೊರಡುವಾಗ ಅಕ್ಕ ಕುಂಡಗಳನ್ನು ಅತ್ತೆಗೆ ಒಪ್ಪಿಸಿದಳು.

"ನಿನ್ನ ಭಾಷೇಲೇ ಹೇಳ್ತೀನಿ ಕೇಳು. ಅಡಿ ಎಲೆ ಹಿಡಿದು ಮೆಲ್ಲಗೆ ಒತ್ತಬೇಕು. ಕ್ಯಾನ್ವಾಸ್ ಹಾಕಿದ ಕಾಲರ್ ಥರ ಗಟ್ಟಿ ಇದ್ರೆ ಚೆನ್ನಾಗಿದೆ, ಸುಮ್ಮನಿರು. ಹಳೇ ಇಲಾಸ್ಟಿಕ್ ಥರ ಸುಕ್ಕಾಗಿದ್ರೆ ಬಾಯಾರಿದೆ. ಒದ್ದೆ ಕಾಗದದ ಥರ ಕಿತ್ಕೊಂಡು ಬಂದ್ರೆ ನೀರು ಜಾಸ್ತಿಯಾಗಿ ಕೊಳೀತಿದೆ. ಗೊತ್ತಾಯ್ತಾ?"

"ಗಿಡ ಅಲ್ವೇನಕ್ಕಾ, ಮಗು ಅಲ್ವಲ್ಲ."

"ಮಗು ಆದ್ರೆ ಅತ್ತು ಹೇಳುತ್ತೆ ಕಣೇ. ಇದು ಬಾಯಿ ಸತ್ತದ್ದು."

ಅಕ್ಕನ ಕುರ್ಚಿ ಖಾಲಿಯಾಯಿತು. ಕೆಲಸ ಖಾಲಿಯಾಗಲಿಲ್ಲ. ಗುಂಡಿ ಕಾಜಾಗಳನ್ನೂ ಅತ್ತೆಯೇ ಮಾಡತೊಡಗಿದಳು. ಮುಗಿದ ಕೋಟುಗಳನ್ನು ನೇತುಹಾಕುವ ಗಾಲಿ ಸ್ಟ್ಯಾಂಡನ್ನು ಆ ಖಾಲಿ ಮೂಲೆಗೆ ತಳ್ಳಿದಳು. ಸೂಜಿಗಳಿಗೆ ದಾರ ಪೋಣಿಸುವುದನ್ನು ಮಾತ್ರ ಬಿಡಲಿಲ್ಲ. ಕಾಲೇಜು ಮುಗಿಸಿ ನಾನು ಅಂಗಡಿಗೆ ಹೋದಾಗಲೆಲ್ಲ ಆ ದಿಂಬಿನ ಮೇಲೆ ಸೂಜಿಗಳು ಬಾಲ ಬಿಟ್ಟುಕೊಂಡು ಸಾಲಾಗಿ ಕಾಯುತ್ತಿದ್ದವು.

ಫ್ರಿಲ್ ಮೊದಲು ಕತ್ತು ಉದ್ದ ಮಾಡಿತು. ಒತ್ತಾಗಿದ್ದ ಎಲೆಗಳು ದೂರದೂರವಾಗಿ, ನಡುವೆ ಬೋಳು ಕಾಂಡ ಕಾಣಿಸಿ, ಇಡೀ ಗಿಡ ಒಂದು ಕಡೆಗೆ ವಾಲಿತು. ಬಣ್ಣವೂ ತೆಳುವಾಯಿತು.

"ಇದೇನಿದು, ಬೀದೀಲಿ ಯಾರೋ ಬರ್ತಿದಾರೆ ಅಂತ ಇಣುಕಿ ನೋಡೋರ ಥರ?" ಎಂದು ಅತ್ತೆ ತಾನೂ ಕತ್ತು ವಾಲಿಸಿ ಅದು ನೋಡುತ್ತಿದ್ದ ಕಡೆಗೇ ನೋಡಿದಳು. ಅಲ್ಲಿ ಎರಡು ಕೋಟುಗಳ ನಡುವೆ ಒಂದು ಬಿಸಿಲಿನ ಸೀಳು ಇತ್ತು. ತಾನೇ ತಳ್ಳಿಟ್ಟ ಸ್ಟ್ಯಾಂಡು ಬೆಳಕಿಗೆ ಅಡ್ಡವಾಗಿತ್ತು. ಗಿಡ ಬೆಳಕನ್ನು ಹುಡುಕಿಕೊಂಡು ಹೊರಟಿತ್ತು. ಅವಳಿಗೆ ಅದು ಬಹಳ ಹಿಡಿಸಿತು. ಕಾಲಿಲ್ಲದ್ದು ಹೀಗೆ ನಡೆಯುತ್ತದಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ಸ್ಟ್ಯಾಂಡು ಬಾಗಿಲ ಹಿಂದಕ್ಕೆ ಹೋಯಿತು.

ಹೊಸ ಎಲೆಗಳು ಒತ್ತಾಗಿ ಬಂದವು. ಆದರೆ ಕೆಳಗಿನವು ಸುಕ್ಕುಗಟ್ಟಿದವು. ಅತ್ತೆ ಒತ್ತಿ ನೋಡಿದಳು. ಹಳೇ ಇಲಾಸ್ಟಿಕ್. ಬಾಯಾರಿದೆ ಎಂದು ಇಸ್ತ್ರಿಗೆ ಬಳಸುವ ನೀರು ಚಿಮುಕಿಸುವ ಬಾಟಲಿ ಎತ್ತಿಕೊಂಡಳು. ಪ್ಯಾಂಟಿಗೊಮ್ಮೆ ಚಿಮುಕಿಸಿ, ಫ್ರಿಲ್‌ಗೊಮ್ಮೆ ಚಿಮುಕಿಸುವುದು ರೂಢಿಯಾಯಿತು. ಸುಕ್ಕು ಹೋಗಲಿಲ್ಲ. ಜೊತೆಗೆ ಒಂದೆರಡು ಎಲೆ ಹಳದಿಯಾಗಿ, ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬಿದ್ದವು. ಒದ್ದೆ ಕಾಗದ.

"ಒಂದೇ ಗಿಡಕ್ಕೆ ಬಾಯಾರಿಕೆನೂ ಆಗಿದೆ, ನೀರು ಜಾಸ್ತಿನೂ ಆಗಿದೆ. ಇದು ಹೇಗೆ ಪುಟ್ಟೀ?" ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದು ಅವಳಿಗೆ ಒಂದು ಬಗೆಯ ಹುರುಪು ಕೊಡುತ್ತದೆ. ನೀರು ಪೂರ್ತಿ ನಿಲ್ಲಿಸಿದಳು. ನೋಡೋಣ, ಒಂದು ಸಲಕ್ಕೆ ಒಂದೇ ಹೊಲಿಗೆ ಬಿಚ್ಚಬೇಕು, ಎಲ್ಲ ಒಟ್ಟಿಗೆ ಬಿಚ್ಚಿದರೆ ತಪ್ಪು ಯಾವುದರಲ್ಲಿತ್ತು ಅಂತ ತಿಳಿಯುವುದಿಲ್ಲ ಎಂದಳು.

ಆ ವಾರ ಕಿಟಕಿಯ ಹಲಗೆ ಅಂಟಂಟಾಯಿತು. ಕ್ಯಾನ್ವಾಸ್ ಅಂಟಿಸುವ ಗೋಂದು ತಾಗಿರಬೇಕು ಎಂದು ಒರೆಸಿದಳು. ಇರುವೆಗಳ ಸಾಲು ಬಂತು. ನನ್ನ ಟೀ ಲೋಟವೇ ಕಾರಣವೆಂದು ಬೈದಳು. ಫ್ರಿಲ್‌ನ ಎಲೆಸಂದುಗಳಲ್ಲಿ ಬಿಳಿ ನೂಲಿನ ಉಂಡೆಗಳು ಕೂತಿದ್ದವು. ಅದನ್ನು ನಾವಿಬ್ಬರೂ ದಿನವೂ ಕಂಡಿದ್ದೆವು. ಆ ಕೋಣೆಯಲ್ಲಿ ಬಿಳಿ ನೂಲು ಎಲ್ಲಿ ಇರಲಿಲ್ಲ?

ಆಗಲೇ ಅಕ್ಕನ ಫೋನು ಬಂದದ್ದು. ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು, ಅತ್ತೆಯ ಕೈಯಲ್ಲಿ ಇಸ್ತ್ರಿ.

"ಕಣ್ಣು ಸರಿಹೋಯ್ತು ಕಣೇ. ಎದುರು ಮನೆಯವರು ಹಲ್ಲುಜ್ಜೋದೂ ಕಾಣುತ್ತೆ ಈಗ."

"ಹಾಗಾದ್ರೆ ಯಾವಾಗ ಬರ್ತೀಯ?"

"ಮಗಳು ಇಲ್ಲೇ ಇರು ಅಂತಾಳೆ. ಈ ವಯಸ್ಸಲ್ಲಿ ಸೂಜಿ ಹಿಡಿಯೋದು ಸಾಕು ಅಂತ. ಇಲ್ಲಿ ಬಾಲ್ಕನೀಲಿ ಬಿಸಿಲೂ ಚೆನ್ನಾಗಿದೆ. ಒಂದಿನ ಬಂದು ಕುಂಡ ತಗೊಂಡು ಹೋಗ್ತೀನಿ. ಫ್ರಿಲ್ ಹೇಗಿದೆ?"

ಅತ್ತೆ ಇಸ್ತ್ರಿ ಎತ್ತಿ ನಿಲ್ಲಿಸಿದಳು. "ಇದೆ," ಎಂದಳು.

ಫೋನಿಟ್ಟ ಮೇಲೆ ನಾನೇ ಕೇಳಿದೆ, "ಅತ್ತೆ, ಗಿಡ ಹೀಗಾಗಿದೆ ಅಂತ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಏನಾಗುತ್ತೆ? ನನ್ನ ಜಾಗ ನೋಡ್ಕೊಳೋಕೂ ಇವಳಿಗೆ ಆಗಲಿಲ್ಲ ಅಂದ್ಕೋತಾಳೆ. ಸತ್ತ ಗಿಡ ಕೈಗಿಟ್ಟು ಕಳಿಸೋದಾ ಅವಳನ್ನ? ಹೋಗೋದಾದ್ರೆ ಹೋಗಲಿ. ಕುಂಡ ತುಂಬ್ಕೊಂಡು ಹೋಗಲಿ." ಅಷ್ಟು ಹೇಳಿ ಮಿಷನ್ನಿನ ಪೆಡಲು ಬೇಕಿದ್ದದ್ದಕ್ಕಿಂತ ಜೋರಾಗಿ ತುಳಿದಳು.

ಮರುದಿನ ಒಬ್ಬ ವಕೀಲರ ಕಪ್ಪು ಕೋಟು ಮೇಜಿನ ಮೇಲೆ ಹರಡಿತ್ತು. ಸೊಂಟ ಸಡಿಲಿಸಿಯಾಗಿತ್ತು, ವಕೀಲರು ಸಂಜೆ ಬರುವವರು. ಅತ್ತೆ ಕೊನೆಯದಾಗಿ ಅಗಲದ ಅಂಟುಟೇಪನ್ನು ಕೈಗೆ ಸುತ್ತಿಕೊಂಡು ನೂಲು ತೆಗೆಯುತ್ತಿದ್ದಳು. ಕಪ್ಪು ಕೋಟು ಅಂಗಡಿಯಿಂದ ಹೊರಡುವ ಮುನ್ನ ಇದು ಆಗಲೇಬೇಕು. ಅಷ್ಟರಲ್ಲಿ ಫ್ರಿಲ್‌ನಿಂದ ಇನ್ನೊಂದು ಎಲೆ ತಾನಾಗಿ ಕಳಚಿತು. ನಾನು ಅದನ್ನೆತ್ತಿ ಅವಳಿಗೆ ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ಕೈಯಲ್ಲಿ ಟೇಪು ಇದ್ದದ್ದರಿಂದ ಎಲೆಯನ್ನು ಕೋಟಿನ ಮೇಲೆಯೇ ಇಟ್ಟು ಕೆಲಸ ಮುಂದುವರಿಸಿದಳು.

ತೋಳು ಮುಗಿಸಿ ಎದೆಯ ಭಾಗಕ್ಕೆ ಬಂದಳು. ಟೇಪು ಒತ್ತಿದಳು, ಎತ್ತಿದಳು. ಒಂದು ಬಿಳಿ ಚುಕ್ಕೆ ಉಳಿದಿತ್ತು. ಮತ್ತೆ ಒತ್ತಲು ಕೈ ತಂದಾಗ ಚುಕ್ಕೆ ಅಲ್ಲಿರಲಿಲ್ಲ. ಕೋಟಿನ ಗುಂಡಿಯ ಪಕ್ಕಕ್ಕೆ ಹೋಗಿತ್ತು.

"ಪುಟ್ಟೀ," ಎಂದಳು ಸಣ್ಣ ದನಿಯಲ್ಲಿ, "ಫ್ಯಾನ್ ಆರಿಸು."

ಫ್ಯಾನ್ ನಿಂತಿತು. ಗಾಳಿ ನಿಂತಿತು. ಚುಕ್ಕೆ ನಿಲ್ಲಲಿಲ್ಲ. ಕಪ್ಪು ಬಟ್ಟೆಯ ಮೇಲೆ, ಸಂತೆಗೆ ಹೊರಟ ಮುದುಕಿಯಂತೆ, ನಿಧಾನವಾಗಿ ಕಾಲರಿನ ಕಡೆಗೆ ಹೊರಟಿತ್ತು. ಅದರ ಹಿಂದೆ ಇನ್ನೂ ಸಣ್ಣದೊಂದು.

ಅತ್ತೆ ಬಾಗಿಲಿಗೆ ಹೋಗಿ ಕೂಗಿದಳು. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ಜೊತೆಗೇ ಬಂದರು. ಮೊದಲ ಬಾರಿಗೆ ಹೊಸ್ತಿಲು ದಾಟಿದರು. ಕೋಟಿನ ಮೇಲೆ ಬಾಗಿ ನೋಡಿ, ತಲೆ ಎತ್ತಿದರು.

"ಟೈಲರಮ್ಮ, ನಿಮ್ಮ ನೂಲಿಗೆ ಕಾಲಿದೆ."

"ತಮಾಷೆ ಬೇಡ."

"ನೀವೇ ನೋಡಿ. ವಕೀಲರ ಕೋಟಲ್ವಾ, ಸಾಕ್ಷಿ ತಾನಾಗೇ ನಡ್ಕೊಂಡು ಬಂದಿದೆ."

ಅತ್ತೆ ನೋಡಿದಳು, ನಾನೂ ನೋಡಿದೆ. ಚಪ್ಪಟೆ ಅಂಡಾಕಾರದ ಹುಳು. ಮೈತುಂಬ ಹಿಟ್ಟು ಉದುರಿಸಿಕೊಂಡಂತೆ ಬಿಳುಪು, ಸುತ್ತಲೂ ಸಣ್ಣ ಕುಚ್ಚು. ನೋಡಲು ಚೆನ್ನಾಗಿಯೇ ಇತ್ತು. ಅತ್ತೆ ಗಿಡದ ಸಂದುಗಳಿಗೆ ಭೂತಗನ್ನಡಿ ಹಿಡಿದಳು. ನಾವು ನೂಲಿನ ಉಂಡೆ ಎಂದುಕೊಂಡದ್ದೆಲ್ಲ ಒಂದೊಂದು ಸಂಸಾರ.

ನಾನು ಆ ಎಲೆಯನ್ನು ಗುಂಡಿಗಳನ್ನಿಡುವ ಡಬ್ಬಿಯಲ್ಲಿ ಹಾಕಿಕೊಂಡು ನರ್ಸರಿಗೆ ಓಡಿದೆ. ನರ್ಸರಿಯ ಹೆಂಗಸು ಮುಚ್ಚಳ ತೆಗೆದು ತಕ್ಷಣ ಮುಚ್ಚಿದಳು.

"ಹಿಟ್ಟು ತಿಗಣೆ. ನಮ್ಮ ಗಿಡಗಳ ಹತ್ರ ತರಬೇಡಮ್ಮ ಇದನ್ನ! ಗಿಡದ ರಸ ಕುಡಿಯುತ್ತೆ, ಸಿಹಿ ಅಂಟು ಸುರಿಸುತ್ತೆ. ಇರುವೆ ಬಂದಿರಬೇಕಲ್ಲ? ಬರಿ ಎಲೆ ನೋಡಿದ್ರೆ ಸಾಲದು, ಬೇರಲ್ಲೂ ಇರಬಹುದು. ಕಿತ್ತು ನೋಡಿ."

ನಾನು ಬಂದು ಹೇಳಿದಾಗ ಅತ್ತೆ ಹಣೆ ಚಚ್ಚಿಕೊಂಡಳು. "ಒಳಮೈ! ಇಷ್ಟು ದಿನ ಹೊರಮೈನೇ ನೋಡ್ಕೊಂಡು ಕೂತಿದೀನಿ. ಯಾರ ಬಟ್ಟೆಗೂ ಹೀಗೆ ಮಾಡಿಲ್ಲ ನಾನು."

ಕುಂಡವನ್ನು ಕಾಗದದ ಮೇಲೆ ಮಗುಚಿದಳು. ಮೇಲೆ ಒಣಗಿದ ಮಣ್ಣು ಒಳಗೆ ಇನ್ನೂ ಹಸಿಯಾಗಿ, ಮುದ್ದೆಯಾಗಿತ್ತು. ಬೇರುಗಳು ಕಂದಾಗಿ ಮೆತ್ತಗಾಗಿದ್ದವು, ನಡುನಡುವೆ ಅದೇ ಬಿಳಿ ಹಿಟ್ಟು. ಅತ್ತೆಯ ಮುಖ ಒಂದು ಕ್ಷಣ ಅರಳಿತು. ಕಳ್ಳಾಟ ಸಿಕ್ಕಿತ್ತು.

"ನೋಡು, ಬೇರು ಕೊಳೆತು ನೀರು ಎಳೀತಿಲ್ಲ. ಅದಕ್ಕೇ ಮಣ್ಣು ಒದ್ದೆ, ಎಲೆ ಸುಕ್ಕು. ನೀರಲ್ಲಿ ನಿಂತ್ಕೊಂಡೇ ಬಾಯಾರಿದೆ ಪಾಪ." ಆಮೇಲೆ ಆ ಗಿಡ ಯಾರದೆಂಬುದು ನೆನಪಾದಂತೆ ಮುಖ ಮತ್ತೆ ಇಳಿಯಿತು.

ಗಡಿಯಾರದವರು ಬಿಡಿಭಾಗ ತೊಳೆಯುವ ಸ್ಪಿರಿಟ್ ಕೊಟ್ಟರು. ಕಡ್ಡಿಗೆ ಹತ್ತಿ ಸುತ್ತಿ, ಅದರಲ್ಲಿ ಅದ್ದಿ, ಅಜ್ಜನ ಒಂದೊಂದು ಗಿಣ್ಣನ್ನೂ ಗುಂಡಿಯ ಒಂದೊಂದು ಮಣಿಯನ್ನೂ ಒರೆಸಿದೆವು. ಅಜ್ಜನಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಗುಂಡಿ ಪಾರಾಗಿತ್ತು. ಹಲಗೆ ತೊಳೆದು, ಫ್ರಿಲ್‌ನ ಹಳೆಯ ಮಣ್ಣನ್ನು ಕಟ್ಟಿ ಕಸಕ್ಕೆ ಹಾಕಿದೆವು. ಫ್ರಿಲ್‌ಗೆ ಒಂದೇ ದಾರಿ ಉಳಿದಿತ್ತು. ತಲೆಯನ್ನು ಕಾಂಡದಿಂದ ಕತ್ತರಿಸಿ, ಗಾಯ ಒಣಗಿಸಿ, ಹೊಸ ಬೇರಿಗೆ ಕಾಯುವುದು.

ಬೇರೆಯವರ ಕೋಟಿನ ಬೆನ್ನನ್ನು ಮಾತಾಡುತ್ತಲೇ ಸೀಳುವ ಅತ್ತೆ ಬ್ಲೇಡು ಹಿಡಿದು ನಿಂತೇ ಇದ್ದಳು.

"ಬಟ್ಟೆ ತಪ್ಪಿ ಕತ್ತರಿಸಿದ್ರೆ ತೇಪೆ ಹಾಕಬಹುದು," ಎಂದಳು. ಆಮೇಲೆ ಕತ್ತರಿಸಿದಳು.

ಕಾಂಡದ ನಡುವೆ ಕಂದು ಚುಕ್ಕೆ ಕಂಡಿತು. ಕೊಳೆ ಮೇಲಕ್ಕೂ ಏರಿತ್ತು. ಬ್ಲೇಡು ಒರೆಸಿ ಇನ್ನೊಂದು ಬಿಲ್ಲೆ ತೆಗೆದಳು. ಚುಕ್ಕೆ ಸಣ್ಣದಾಯಿತು. ಕೆಳಗಿನ ಎಲೆಗಳನ್ನು ಕಿತ್ತು ಇನ್ನೊಂದು ಬಿಲ್ಲೆ. ಈ ಸಲ ಒಳಗೆಲ್ಲ ತಿಳಿ ಹಸಿರು, ಕತ್ತರಿಸಿದ ಸೌತೆಕಾಯಿಯಂತೆ. ಅತ್ತೆ ಉಸಿರು ಬಿಟ್ಟಳು. ಕೊನೆಗೆ ಉಳಿದದ್ದು ಅಂಗೈಯಗಲದ ಗಿಡದಲ್ಲಿ ಕೋಟಿನ ಗುಂಡಿಯಷ್ಟು. ಅದರ ಸಂದುಗಳನ್ನೂ ಒರೆಸಿದಳು. ಸ್ಪಿರಿಟ್ ತಾಗಿದ ಕಡೆ ಬೂದಿಪುಡಿ ಅಳಿಸಿ ಅಲ್ಲಲ್ಲಿ ಬರೀ ಹಸಿರು ಕಾಣುತ್ತಿತ್ತು. ಅದನ್ನು ದಾರದ ಖಾಲಿ ಉರುಳೆಯ ಬಾಯಿಗೆ ಕೂರಿಸಿ, ನೇರ ಬಿಸಿಲು ತಾಗದ ಕಪಾಟಿನಲ್ಲಿಟ್ಟಳು. ಮಣ್ಣಿಲ್ಲ, ನೀರಿಲ್ಲ. ಏನೂ ಮಾಡದಿರುವುದೇ ಈಗಿನ ಆರೈಕೆ. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಪ್ರತಿ ಪ್ಯಾಂಟಿಗೊಮ್ಮೆ ನೀರಿನ ಬಾಟಲಿ ಎತ್ತಿ, ಕಪಾಟಿನ ಕಡೆ ನೋಡಿ, ಕೆಳಗಿಡುತ್ತಿದ್ದಳು. ಕನ್ನಡಕ ಏರಿಸಿ ಇಳಿಸಿ ಉರುಳೆಯೊಳಗೆ ಇಣುಕುತ್ತಿದ್ದಳು. ಬೇರು ಕಾಣುತ್ತಿರಲಿಲ್ಲ. ಎಲೆಗಳು ತುಸು ಸುಕ್ಕಾದವು, ಆದರೆ ಹೊಸ ಬಿಳಿ ಚುಕ್ಕೆ ಒಂದೂ ಬರಲಿಲ್ಲ.

ಬೇರು ಬರುವ ಮೊದಲು ಅಕ್ಕ ಬಂದಳು. ಕುಂಡ ಒಯ್ಯಲೆಂದು ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಿದ್ದಳು. ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ದಿಟ್ಟಿಸಿದಳು.

"ಅಯ್ಯೋ ಅಯ್ಯೋ. ಇಷ್ಟು ಧೂಳಿತ್ತೇನೇ ಇಲ್ಲಿ? ನೀನೂ ಇಷ್ಟು ಮುದುಕಿ ಆಗಿದ್ಯಾ?"

"ಕಣ್ಣು ಸರಿಹೋದ್ರೆ ಮೊದಲು ಕನ್ನಡಿ ನೋಡ್ಕೋಬೇಕು ಅಕ್ಕಾ."

ಅಕ್ಕ ನಗುತ್ತ ಕಿಟಕಿಗೆ ಬಂದಳು. ಗುಂಡಿಯನ್ನು ನೋಡಿದಳು. ಅಜ್ಜನನ್ನು ನೋಡಿದಳು. ನಡುವಿನ ಖಾಲಿ ಜಾಗ ನೋಡಿದಳು. ನಗು ನಿಂತಿತು.

ಅತ್ತೆ ಉರುಳೆಯನ್ನು ತಂದು ಅವಳ ಕೈಗಿಟ್ಟಳು. ಎಲ್ಲವನ್ನೂ ಹೇಳಿದಳು. ಸ್ಟ್ಯಾಂಡು, ಬಾಟಲಿ, ಅಂಟು, ಇರುವೆ, ಕಪ್ಪು ಕೋಟು. "ನೂಲು ಅಂದ್ಕೊಂಡೆ ಅಕ್ಕಾ. ಕಣ್ಣೆದುರಿಗೇ ಇತ್ತು, ನೂಲು ಅಂದ್ಕೊಂಡೆ."

ಅಕ್ಕ ಕುರ್ಚಿಯಲ್ಲಿ ಕೂತಳು. ಉರುಳೆ ಅವಳ ಮಡಿಲಲ್ಲಿತ್ತು.

"ಎಲೆ ಬುಡದಲ್ಲಿ, ಬೆಳ್ಳಗೆ, ಹತ್ತಿ ಥರ?" ಎಂದು ಕೇಳಿದಳು.

"ಹೂಂ."

"ನಾನು ಹೋಗೋ ಮೊದಲೇ ಇತ್ತು ಕಣೇ ಅದು."

ಅತ್ತೆ ಅವಳ ಮುಖ ನೋಡಿದಳು.

"ನನಗೂ ಕಾಣ್ತಿತ್ತು. ಆಗ ನನಗೆ ಎಲ್ಲದರ ಮೇಲೂ ಬೆಳ್ಳಗೇ ಕಾಣ್ತಿತ್ತಲ್ಲ. ನನ್ನ ಕಣ್ಣಿನ ಪೊರೆ ಅಂದ್ಕೊಂಡೆ. ಒರೆಸಿದ್ದು ಕಣ್ಣನ್ನ. ಗಿಡಾನ ಒರೆಸಲೇ ಇಲ್ಲ."

ಮೊದಲು ನಕ್ಕದ್ದು ಯಾರೆಂದು ನನಗೆ ಗೊತ್ತಾಗಲಿಲ್ಲ. ಅತ್ತೆ ಇಸ್ತ್ರಿ ಮೇಜು ಹಿಡಿದುಕೊಂಡು ನಗುತ್ತಿದ್ದಳು. ಪಕ್ಕದ ಗಡಿಯಾರದವರು ಏನಾಯಿತೆಂದು ಇಣುಕಿ ನೋಡಿ ಹೋದರು.

ನಗು ಇಳಿದ ಮೇಲೆ ಅಕ್ಕ ಉರುಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಫ್ರಿಲ್‌ನ ತಲೆಯನ್ನು ಎರಡು ಬೆರಳಲ್ಲಿ ತುಸು ಓರೆ ಮಾಡಿದಳು.

"ಬೇರಿಲ್ಲ ಅಂದ್ಯಲ್ಲ. ಇದೇನು?"

"ಎಲ್ಲಿ?"

"ಇಲ್ಲಿ, ಈ ಪಕ್ಕ. ಗುಲಾಬಿ ಬಣ್ಣದ್ದು, ಎಳೆ ಥರ."

ಅತ್ತೆ ಕನ್ನಡಕ ಏರಿಸಿದಳು, ಇಳಿಸಿದಳು. "ನನಗೇನೂ ಕಾಣಿಸ್ತಿಲ್ಲ."

"ಪುಟ್ಟೀ, ನೀನು ನೋಡೇ."

ನಾನು ಬಾಗಿ ನೋಡಿದೆ. ಇತ್ತು. ಹೊಲಿಗೆಯಿಂದ ಹೊರಬಂದ ಒಂದೇ ಒಂದು ದಾರದ ತುದಿಯಂತೆ, ಗಾಳಿಯಲ್ಲಿ, ಯಾವುದನ್ನೂ ಹಿಡಿಯದೆ.

ಅತ್ತೆ ತಾನೇ ರಟ್ಟಿನ ಪೆಟ್ಟಿಗೆಯನ್ನೆತ್ತಿ ಮೇಜಿನ ಮೇಲಿಟ್ಟಳು. ಅಜ್ಜನ ಕುಂಡಕ್ಕೆ ಸುತ್ತಲು ಹಳೆಯ ಲೈನಿಂಗ್ ಬಟ್ಟೆ ಹುಡುಕತೊಡಗಿದಳು. "ಇವೆರಡು ಈಗಲೇ ತಗೊಂಡು ಹೋಗು. ಅದನ್ನೂ ಹೇಗಾದ್ರೂ ಹತ್ತೀಲಿಟ್ಟು..." ಎಂದಳು. ಮುಖ ನಮ್ಮ ಕಡೆಗಿರಲಿಲ್ಲ.

"ಬುದ್ಧಿ ಇದ್ಯಾ ನಿನಗೆ? ಬಸ್ಸಲ್ಲಿ ಅಲ್ಲಾಡಿದ್ರೆ ಈ ಎಳೆ ಉಳಿಯುತ್ತಾ? ಮಣ್ಣಿಗೆ ಹಾಕಿ, ಕಚ್ಕೊಳ್ಳೋವರೆಗೂ ಕದಲಿಸಬಾರದು."

"ಎಷ್ಟು ದಿನ?"

"ಅದನ್ನೇ ಕೇಳು."

ಅಕ್ಕ ಉರುಳೆಯನ್ನು ಕಿಟಕಿಯ ಹಲಗೆಯ ಮೇಲೆ, ಬಿಸಿಲು ಮುಗಿದು ನೆರಳು ಶುರುವಾಗುವಲ್ಲಿ ಇಟ್ಟಳು. ಕೈಗೆ ತಾಗಿದ ಸೂಜಿದಿಂಬನ್ನು ನೋಡಿದಳು. ಬಾಲ ಬಿಟ್ಟುಕೊಂಡ ಸೂಜಿಗಳ ಸಾಲಿನ ಮೇಲೆ ಧೂಳಿರಲಿಲ್ಲ. ಅವಳು ಅತ್ತೆಯ ಬೆನ್ನನ್ನು ನೋಡಿದಳು, ಮತ್ತೆ ಸೂಜಿಗಳನ್ನು.

"ಕಪ್ಪು ದಾರಕ್ಕೆ ಇಷ್ಟು ಸಣ್ಣ ಸೂಜಿ ಯಾರು ಹಾಕ್ತಾರೆ?" ಎಂದು ಗೊಣಗಿದಳು. ಒಂದನ್ನು ಕಿತ್ತು, ದಾರ ಎಳೆದು ಬಿಸಾಕಿದಳು. ಡಬ್ಬಿಯಿಂದ ಬೇರೆ ಸೂಜಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದಳು.

"ಏನಿದೆ ಕೆಲಸ, ಕೊಡು ಇತ್ತ."